ಒಂದು ಡಬರಿ ಐತೇನವ್ವ

ಎದುರುಮನೆ ದೊಡ್ಡಮ್ಮನ ಮೂಗುಬೊಟ್ಟಿನಲ್ಲಿ ಏಳು ಬಿಳಿ ಹರಳು ಇರಬೇಕಿತ್ತು. ಒಂದು ಯಾವ ಕಾಲದಲ್ಲೋ ಉದುರಿಹೋಗಿ, ಆ ಗುಳಿಯಲ್ಲಿ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ರೊಟ್ಟಿ ಬಡಿಯುವಾಗ ಬೆವರು ಒರೆಸಿಕೊಳ್ಳಲು ಕೈ ಮುಖಕ್ಕೆ ತಂದರೆ ಹಿಟ್ಟು ನೇರ ಅಲ್ಲಿಗೇ ಹೋಗಿ ಸೇರುತ್ತಿತ್ತು. ದೂರದಿಂದ ನೋಡಿದವರಿಗೆ ಏಳೂ ಹರಳು ಇದ್ದ ಹಾಗೇ ಕಾಣುತ್ತಿತ್ತು. ಗಂಡ ತೀರಿಕೊಂಡ ಮೇಲೂ ಆ ಬೊಟ್ಟನ್ನು ಅವರು ತೆಗೆಯಲಿಲ್ಲ. ತೆಗಿ ಎಂದ ನೆಂಟರಿಗೆ, "ಇದು ನಮ್ಮಪ್ಪ ಹಾಕ್ಸಿದ್ದು, ಅವ್ರು ಹಾಕ್ಸಿದ್ದಲ್ಲ" ಅಂದುಬಿಟ್ಟರಂತೆ.

ಇನ್ನು ಅವರ ಗಂಟಲು. ಯಜಮಾನರು ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಮಗ್ಗಗಳ ಸದ್ದಿನ ನಡುವೆ ದುಡಿದು ಕಿವಿ ಮಂದ ಮಾಡಿಕೊಂಡವರು. ಅವರ ಜೊತೆ ಸಂಸಾರ ಮಾಡಿ ಏರಿದ ದೊಡ್ಡಮ್ಮನ ದನಿ ಮತ್ತೆ ಇಳಿಯಲೇ ಇಲ್ಲ. ಗುಟ್ಟು ಹೇಳಲು ಯಾರದಾದರೂ ಕಿವಿಯ ಹತ್ತಿರ ಬಗ್ಗಿದರೆ ಮೂರನೇ ಮನೆಯವರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕೆ.ಬಿ. ಬಡಾವಣೆಯ ನಮ್ಮ ಅಡ್ಡರಸ್ತೆಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಯಾರ ಮಗ ಗಣಿತದಲ್ಲಿ ಫೇಲಾದ, ಎಲ್ಲವೂ ಆ ದನಿಯಲ್ಲೇ ಬಿತ್ತರವಾಗುತ್ತಿತ್ತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಗಂಟಲಲ್ಲಿ ಎರಡು ತಿಂಗಳು ಹೊರಬೀಳದೆ ಉಳಿದ ಗುಟ್ಟು ಒಂದೇ ಒಂದು. ಅದು ನನ್ನದು.

ನಾನು ಹರಿಹರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವಳು. ಯಾವ ಬೋಲ್ಟು ಯಾವ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತಿದರೆ ಸಂಜೆ ಏಳಕ್ಕೆ ಮನೆ. ಅಪ್ಪ ಹೋದ ಮೇಲೆ ಮನೆಯಲ್ಲಿ ಇದ್ದವರು ಅಮ್ಮ ಮತ್ತು ನಾನು, ದುಡಿಯುವವಳು ನಾನೊಬ್ಬಳೇ. ನಮ್ಮ ರಸ್ತೆ ಮಧ್ಯಾಹ್ನದ ಹೊತ್ತು ಹೇಗಿರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಗೇಟಿನ ಹತ್ತಿರ ಸಿಕ್ಕರೆ "ಹೊಂಟಿಯೇನವ್ವ?" ಅನ್ನುತ್ತಿದ್ದರು, ನಾನು "ಹೂಂ ದೊಡ್ಡಮ್ಮ" ಅನ್ನುತ್ತಿದ್ದೆ, ಅಷ್ಟೇ. ಸ್ವಲ್ಪ ಜಂಬವೂ ಇತ್ತು ಅನ್ನಿ. ಕೊರಳಲ್ಲಿ ಕಂಪನಿಯ ಕಾರ್ಡು ತೂಗುತ್ತಿರುವಾಗ ಬೀದಿಯ ಮಾತಿಗೆ ನಿಲ್ಲಲು ನನಗೆ ಪುರುಸೊತ್ತು ಎಲ್ಲಿತ್ತು.

ಒಂದು ಶುಕ್ರವಾರ ಊಟದ ಹೊತ್ತಿಗೆ ಮುಂಚೆ ನಮ್ಮಲ್ಲಿ ಒಂಬತ್ತು ಮಂದಿಯನ್ನು ಒಳಗೆ ಕರೆದರು. ಸ್ಟೋರಿನ ಕೆಲಸವನ್ನೆಲ್ಲ ಇನ್ನು ಪುಣೆಯಲ್ಲಿ ಕೂತು ಕಂಪ್ಯೂಟರಿನಲ್ಲೇ ನೋಡಿಕೊಳ್ಳುತ್ತಾರಂತೆ. ಮುಂದಿಟ್ಟ ಕಾಗದದಲ್ಲಿ ನಾನೇ ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದಿತ್ತು. "ಹಿಂಗಿದ್ರೆ ನಿಮಗೇ ಒಳ್ಳೇದು ಮೇಡಂ, ಮುಂದೆ ಬೇರೆ ಕಡೆ ಕೇಳಿದ್ರೆ ತೊಂದ್ರೆ ಆಗಲ್ಲ" ಎಂದ ಹೊಸ ಮ್ಯಾನೇಜರು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಸಹಿ ಹಾಕಿದೆ. ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ, ಅದಕ್ಕೆ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ. ಬಸ್ಸು ಹತ್ತಿ ಕೂತ ಮೇಲೆ ನೆನಪಾಯಿತು, ಊಟದ ಡಬ್ಬಿ ಸ್ಟೋರಿನ ಕಪಾಟಿನ ಮೇಲೇ ಉಳಿದಿತ್ತು, ಅಮ್ಮ ತುಂಬಿಕೊಟ್ಟ ಚಿತ್ರಾನ್ನದ ಸಮೇತ.

ಬೀದಿಯಲ್ಲಿ ಕೇಳಿದವರಿಗೆ, "ಕೆಲ್ಸ ಬಿಟ್ಟೆ, ಅಮ್ಮಂಗೆ ಮಂಡಿನೋವು ಜಾಸ್ತಿ ಆಗೈತೆ" ಎಂದೆ. ಪಾಪ, ನನ್ನ ಮಾತು ಉಳಿಸಲು ಅಮ್ಮ ಒಂದು ವಾರ ಬೇಕಂತಲೇ ಹೆಚ್ಚು ಕುಂಟಿದಳು. ತರಕಾರಿ ಗಾಡಿಯವನು ಕೂಗಿದರೆ ನಾನು ಒಳಗೆ ಹೋಗಿ ಟೀವಿ ದನಿ ಜೋರು ಮಾಡುತ್ತಿದ್ದೆ. ಎರಡು ಪಾಕೀಟು ಹಾಲು ಒಂದಾಯಿತು. ಕೆಲಸ ಹುಡುಕಬೇಕು ಎಂದು ದಿನವೂ ಅಂದುಕೊಳ್ಳುತ್ತಿದ್ದೆ. ಆದರೆ ಹುಡುಕಬೇಕಾದರೆ ಯಾರನ್ನಾದರೂ ಕೇಳಬೇಕು, ಕೇಳಬೇಕಾದರೆ ಹೇಳಬೇಕು, ಆ ಹೇಳುವುದೇ ನನ್ನಿಂದ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ದೊಡ್ಡಮ್ಮ ಗೇಟು ಬಡಿಯಲು ಶುರುಮಾಡಿದರು.

"ಒಂದು ಡಬರಿ ಐತೇನವ್ವ? ನಮ್ಮನ್ಯಾಗ ಎಲ್ಲಾ ಮುಸುರಿ ಆಗ್ಯಾವೆ."

ಕೊಟ್ಟೆ. ಮಧ್ಯಾಹ್ನ ಡಬರಿ ವಾಪಸು ಬಂತು, ತುಂಬ ಬದನೆಕಾಯಿ ಪಲ್ಯ. "ಬರೀ ಡಬರಿ ಹೆಂಗೆ ಕೊಡ್ಲಿ" ಅಂದು ಹೋದರು. ಎರವಲು ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ನಮ್ಮಮ್ಮನೂ ಪಾಲಿಸುತ್ತಾಳೆ, ನಾಲ್ಕು ಕಾಳು ಸಕ್ಕರೆ ಹಾಕಿ ಮುಗಿಸುತ್ತಾಳೆ. ದೊಡ್ಡಮ್ಮನ ಪದ್ಧತಿಗೆ ಮಾತ್ರ ಅಳತೆ ಇರಲಿಲ್ಲ. ಮಾರನೇ ದಿನ ಪರಾತ ಒಯ್ದರು, ಆರು ರೊಟ್ಟಿ ಬಂದವು. ಚರಿಗೆ ಒಯ್ದರೆ ಮಜ್ಜಿಗೆ, ಮುಚ್ಚಳದ ಡಬ್ಬಿ ಒಯ್ದರೆ ಶೇಂಗಾ ಚಟ್ನಿ. ಒಂದು ದಿನ ನಾನು ಕೊಟ್ಟ ಪಾತ್ರೆಯನ್ನು ತಿರುಗಿಸಿ ನೋಡಿ, "ಇದಕ್ಕಿಂತ ಒಂಚೂರು ದೊಡ್ಡದು ಇಲ್ಲೇನು?" ಅಂದರು.

ಅಮ್ಮನಿಗೆ ರೇಗಿತು. "ಮಗಳು, ಅಳಿಯ, ಮೊಮ್ಮಕ್ಕಳು ತುಂಬಿದ ಮನಿ. ಈಯಮ್ಮನ ಪಾತ್ರೆನೆಲ್ಲ ಯಾರು ಹೊತ್ಕೊಂಡು ಹೋದ್ರೇ? ಹಾಲು ಕಾಸಾಕೆ ನಮಗೊಂದು ಡಬರಿ ಉಳಿದಿಲ್ಲ" ಎಂದು ನನ್ನನ್ನು ಅಟ್ಟಿದಳು.

ಅವತ್ತೇ ಮೊದಲ ಸಲ ನಾನು ಅವರ ಅಡುಗೆಮನೆಗೆ ಕಾಲಿಟ್ಟಿದ್ದು. ಗೋಡೆಗೆ ಮೂರು ಸಾಲು ಹಲಗೆ. ಮೂರರ ತುಂಬ ಸ್ಟೀಲಿನ ಪಾತ್ರೆಗಳು, ಒಗ್ಗರಣೆ ಬಟ್ಟಲಿನಿಂದ ಹಿಡಿದು ಮದುವೆಯ ಅಡುಗೆಗೆ ಆಗುವಂಥ ಪಾತ್ರೆಯವರೆಗೆ ತಿಕ್ಕಿ ಬೋರಲು ಹಾಕಿದ್ದರು. ದೊಡ್ಡಮ್ಮ ತಮ್ಮ ಡಬರಿಯಲ್ಲಿ ಮಾಡಿದ ಹೆಸರುಕಾಳಿನ ಪಲ್ಯವನ್ನು ನಮ್ಮ ಡಬರಿಗೆ ಬಗ್ಗಿಸುತ್ತಿದ್ದರು. ಸೌಟು ಹಿಡಿದ ಹಾಗೇ ಸಿಕ್ಕಿಬಿದ್ದರು.

ನನಗೆ ಮೈಯೆಲ್ಲ ಉರಿಯಿತು. "ನಿಮಗೆ ಪಾತ್ರೆಗೇನು ಕಮ್ಮಿ ದೊಡ್ಡಮ್ಮ? ನಾವೇನು ಉಪವಾಸ ಕೂತೀವಿ ಅಂತ ನಿಮಗ್ಯಾರು ಹೇಳಿದ್ರು? ನಮಗೆ ಯಾರ ಧರ್ಮನೂ ಬ್ಯಾಡ" ಎಂದೆ. ಇನ್ನೂ ಏನೇನೋ ಅಂದೆ. ಅದೆಲ್ಲ ಇಲ್ಲಿ ಬರೆಯಲು ನನಗೇ ನಾಚಿಕೆ.

ಅವರು ಪಲ್ಯ ಬಗ್ಗಿಸಿ ಮುಗಿಸಿದರು. ಮಣೆ ಸರಿಸಿದರು. "ಕೂಡು. ನಿಂತು ಜಗಳಾಡಿದ್ರೆ ಕಾಲು ನೋಯ್ತಾವೆ."

ಕೂತೆ.

"ಮಿಲ್ಲು ಮುಚ್ಚಿದಾಗ ನಮ್ಮ ಪಕ್ಕದ ಮನ್ಯಾಗ ಒಬ್ಬಾಕಿ ಇದ್ಲು. ದಿನಾ ಬಂದು ಡಬರಿ ಕೇಳಾಕಿ. ನಾನೂ ನಿನ್ನಂಗೆ ಸಿಟ್ಟಿಗೆದ್ದು ಹೋಗಿದ್ದೆ. ಆಕಿ ಏನಂದ್ಲು ಗೊತ್ತೇನು? ಡಬರಿ ನಿಂದು, ಒಳಗಿರೋದು ಪದ್ಧತಿದು. ಪದ್ಧತಿ ಮ್ಯಾಲೆ ಸಿಟ್ಟು ಮಾಡ್ಕೊಂಡ್ರೆ ಯಾರಿಗೆ ಲುಕ್ಸಾನು ಅಂದ್ಲು."

ಅವರೇ ಮುಂದುವರಿಸಿದರು. "ನಿನ್ನ ಕೆಲ್ಸ ತೆಗದಾರೆ ಅಂತ ನಂಗೆ ಮೂರನೇ ದಿನಾನೇ ಗೊತ್ತಾತು. ನಿಮ್ಮ ಕಾಂಪೌಂಡಿನ ಮ್ಯಾಲೆ ದಿನಾ ಸಂಜಿಗೆ ನಿನ್ನ ಊಟದ ಡಬ್ಬಿ ತೊಳೆದು ಬೋರಲು ಹಾಕಿರ್ತಿದ್ದಿ. ಅದು ಕಾಣ್ಲಿಲ್ಲ. ತಾನಾಗಿ ಬಿಟ್ಟು ಬರಾಕಿ ಡಬ್ಬಿ ಮರೆಯಲ್ಲ. ಮರೆತು ಬಂದಾಳೆ ಅಂದ್ರೆ ಹೊರಗೆ ಕಳಿಸ್ಯಾರೆ ಅಂತ ತಿಳ್ಕೊಂಡೆ."

ಅವರ ಮುಂದೆ ನಾನು ಅತ್ತೆ. ಕಂಪನಿಯಲ್ಲಿ ಬಾರದ ಅಳು, ಅಮ್ಮನ ಮುಂದೆ ತಡೆದುಕೊಂಡಿದ್ದ ಅಳು, ಎಲ್ಲ ಆ ಮಣೆಯ ಮೇಲೆ ಕೂತು ಅತ್ತೆ. ಅವರು ಸಮಾಧಾನ ಹೇಳಲಿಲ್ಲ, ನೀರು ಕೊಟ್ಟರು. ಆಮೇಲೆ, "ಬಿಟ್ಟೆ ಬಿಟ್ಟೆ ಅಂತ ಯಾಕ ಹೇಳ್ಕೊಂಡು ತಿರುಗ್ತಿ? ಬಿಟ್ಟಾಕಿಗೆ ಯಾರೂ ಕೆಲ್ಸ ಹುಡುಕಲ್ಲ. ತೆಗೆದ್ರು ಅನ್ನು, ನಾಲ್ಕು ಮಂದಿ ಕಿವಿಗೆ ಬೀಳ್ಲಿ" ಅಂದರು.

"ನಾಚಿಕೆ ಆಗ್ತೈತೆ ದೊಡ್ಡಮ್ಮ."

"ತೆಗೆದೋರಿಗೆ ಆಗ್ಬೇಕು. ನಿಂಗ್ಯಾಕ?"

"ಹಂಗಾದ್ರೆ ನೀವೇ ಹೇಳ್ಬಿಡ್ರಿ. ನಿಮ್ಮ ದನಿಗೆ ಒಂದ್ಸಲ ಸಾಕು."

ಅವರಿಗೆ ನಗು ಬಂತು. "ನಾನು ಹೇಳಿದ್ರೆ ಸುದ್ದಿ ಆಗ್ತೈತೆ. ನೀನು ಹೇಳಿದ್ರೆ ಕೆಲ್ಸ ಆಗ್ತೈತೆ. ಅದಕ್ಕೇ ಎರಡು ತಿಂಗಳಿಂದ ಬಾಯಿ ಕಟ್ಕೊಂಡು ಕೂತೀನಿ, ಹೊಟ್ಟಿ ಉಬ್ಬಿ ಹೋಗೈತೆ. ಮೊದ್ಲು ಆ ಡಬ್ಬಿ ತಗೊಂಬರಾನು ನಡಿ. ನಿನ್ನ ಡಬ್ಬಿ ಅವ್ರ ಹತ್ರ ಯಾಕಿರಬೇಕು?"

ಮರುದಿನ ಇಬ್ಬರೂ ಹರಿಹರದ ಬಸ್ಸು ಹತ್ತಿದೆವು. ಹದಿನಾರು ವರ್ಷ ಓಡಾಡಿದ ದಾರಿ, ಅವತ್ತು ಮುಗಿಯಲೇ ಒಲ್ಲದು. ದೊಡ್ಡಮ್ಮ ಕಿಟಕಿ ಪಕ್ಕ ಕೂತು ಇಡೀ ಬಸ್ಸಿಗೆ ಕೇಳುವ ಹಾಗೆ ನನಗೊಬ್ಬಳಿಗೇ ತಮ್ಮ ಯಜಮಾನರ ಕಥೆ ಹೇಳಿದರು. ಮಿಲ್ಲು ಮುಚ್ಚಿದ ಮೇಲೆ ಆತ ಬೇರೆ ಕೆಲಸ ಕೇಳಲಿಲ್ಲವಂತೆ. ಮಿಲ್ಲು ಮತ್ತೆ ಶುರು ಮಾಡ್ತಾರೆ, ಮತ್ತೆ ಕರೀತಾರೆ ಅನ್ನುತ್ತಾ ವರ್ಷಗಳನ್ನು ಕಳೆದರಂತೆ. "ಅವ್ರಿಗೆ ಹೇಳೋರು ಇರ್ಲಿಲ್ಲ. ನಾನು ಹೇಳಿದ್ರೆ ಕಿವಿ ಕೇಳ್ತಿರ್ಲಿಲ್ಲ" ಅಂದು ಹೊರಗೆ ನೋಡಿದರು. ಅದೊಂದು ಮಾತನ್ನು ಮಾತ್ರ ಮೆಲ್ಲಗೆ ಹೇಳಿದರು.

ಗೇಟಿನಲ್ಲಿ ಅದೇ ಕಾವಲುಗಾರ ಇದ್ದ. ಹದಿನಾರು ವರ್ಷ ದಿನವೂ ನಮಸ್ಕಾರ ಹೇಳಿದವನು ಅವತ್ತು ಮುಖ ಗಂಟು ಹಾಕಿಕೊಂಡಿದ್ದ.

"ಕೆಲ್ಸ ಬಿಟ್ರಂತಲ್ಲ ಮೇಡಂ? ಒಂದು ಮಾತು ಹೇಳ್ದಂಗೆ ಹೋಗ್ಬಿಟ್ರಿ."

ಬಿಟ್ಟೆ ಅನ್ನುವುದು ನಾನು ಮಾನಕ್ಕೆ ಅಂಜಿ ಹೇಳಿದ ಸುಳ್ಳು ಅಂದುಕೊಂಡಿದ್ದೆ. ಆ ಸುಳ್ಳನ್ನು ಕಂಪನಿಯವರೇ ಬರೆದು ನನ್ನ ಕೈಗೆ ಕೊಟ್ಟಿದ್ದರು, ನಾನು ಬೀದಿಯಲ್ಲಿ ಅವರ ಪರವಾಗಿಯೇ ಹೇಳಿಕೊಂಡು ತಿರುಗಿದ್ದೆ. ದೊಡ್ಡಮ್ಮ ನನ್ನ ಮುಖ ನೋಡಿದರು. ಆ ದೊಡ್ಡ ಬಾಯಿಯಿಂದ ಒಂದು ಮಾತೂ ಬರಲಿಲ್ಲ.

"ನಾನು ಬಿಡ್ಲಿಲ್ಲಣ್ಣ. ತೆಗೆದ್ರು" ಎಂದೆ.

ಚಹಾಕ್ಕೆ ಹೊರಬಂದಿದ್ದ ಇಬ್ಬರು ಕೆಲಸಗಾರರು ತಿರುಗಿ ನೋಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಕಾವಲುಗಾರ ತಲೆ ತಗ್ಗಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಡಬ್ಬಿ ತಂದ. ಯಾರೋ ತೊಳೆದು ಇಟ್ಟಿದ್ದರು. ಮುಚ್ಚಳ ತೆಗೆದರೆ ಒಳಗೆ ಎರಡು ಸೀಬೆಹಣ್ಣು, ಸ್ಟೋರಿನ ಹಿಂದಿನ ಗಿಡದ್ದು.

"ಬರೀ ಡಬ್ಬಿ ಹೆಂಗೆ ಕೊಡ್ಲಿ ಮೇಡಂ" ಎಂದ.

"ನೋಡಿದಿ? ಪದ್ಧತಿ ಹರಿಹರದಾಗೂ ಐತೆ" ಎಂದರು ದೊಡ್ಡಮ್ಮ, ಗೇಟಿನೊಳಗೂ ಕೇಳಿಸುವ ಹಾಗೆ. ಬಸ್ಸಿನಲ್ಲಿ ಎರಡೂ ಹಣ್ಣು ನನಗೇ ಕೊಟ್ಟರು, ತಮಗೆ ಕಚ್ಚಲು ಹಲ್ಲಿಲ್ಲ ಎಂದು.

ಆ ಸಂಜೆ ಹೂವಿನವಳಿಗೆ ಹೇಳಿದೆ. ತರಕಾರಿ ಗಾಡಿಯವನಿಗೆ ಹೇಳಿದೆ. ಎರಡನೇ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ. ಹೂವಿನವಳು ಪಿ.ಜೆ. ಬಡಾವಣೆಯ ಒಬ್ಬ ಡಾಕ್ಟರ ಮನೆಗೆ ಹೂವು ಕೊಡುವವಳು. ಅವರ ನರ್ಸಿಂಗ್ ಹೋಮಿನ ಔಷಧಿ ಸ್ಟೋರಿಗೆ ನಂಬಿಕಸ್ಥರು ಬೇಕು ಎಂಬ ಮಾತು ಅವಳ ಕಿವಿಗೆ ಬಿದ್ದಿತ್ತಂತೆ. ತಿಂಗಳು ತುಂಬುವುದರೊಳಗೆ ಅಲ್ಲಿ ಸೇರಿದೆ. ಮೊದಲಿನಷ್ಟು ಸಂಬಳವಿಲ್ಲ, ಆದರೆ ನಡೆದೇ ಹೋಗಬಹುದು. ಬೋಲ್ಟಿನ ಬದಲು ಮಾತ್ರೆ, ಅರೆಗಳು ಅವೇ.

ನಾನು ಕೆಲಸಕ್ಕೆ ಹೋಗಲು ಶುರುಮಾಡಿದ ವಾರದಿಂದ ದೊಡ್ಡಮ್ಮ ಡಬರಿ ಕೇಳುವುದನ್ನು ನಿಲ್ಲಿಸಿದರು. ಈಗ ಅಮ್ಮನಿಗೆ ಬೇಜಾರು. "ಯಾಕಂತೆ, ನಮ್ಮ ಡಬರಿ ಸೇರಲ್ವಂತೇನು?" ಎಂದು ಕೇಳಿಬಂದಳು. ಆಮೇಲೆ ಇಬ್ಬರೂ ಮಧ್ಯಾಹ್ನ ಒಟ್ಟಿಗೆ ಕೂತು ಚೌಕಾಬಾರ ಆಡಲು ಹತ್ತಿದರು. ದೊಡ್ಡಮ್ಮ ಕವಡೆಯಲ್ಲಿ ಮೋಸ ಮಾಡುತ್ತಾರೆ ಎಂದು ಅಮ್ಮ ಸಂಜೆ ನನಗೆ ಚಾಡಿ ಹೇಳುತ್ತಿದ್ದಳು. ಆಮೇಲಿನ ನಾಲ್ಕು ವರ್ಷ ನಮ್ಮ ಮನೆಯಲ್ಲಿ ಇದ್ದಷ್ಟು ನಗು ಅದಕ್ಕೆ ಮುಂಚೆ ಇರಲಿಲ್ಲ.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ರೊಟ್ಟಿಗೆ ಹಿಟ್ಟು ಕಲಸುವ ಮೊದಲೇ ದೊಡ್ಡಮ್ಮ ಹೋಗಿಬಿಟ್ಟರು. ಪಡಸಾಲೆಯಲ್ಲಿ ಮಲಗಿಸಿದ್ದರು. ಹತ್ತಿರ ಹೋಗಿ ನೋಡಿದೆ. ಮುಖ ತೊಳೆದಿದ್ದರು, ಮೂಗುಬೊಟ್ಟಿನ ಆ ಗುಳಿಯಲ್ಲಿ ಹಿಟ್ಟಿರಲಿಲ್ಲ. ಹರಳು ಆರೇ ಎಂದು ಅವತ್ತು ಎಲ್ಲರಿಗೂ ಕಾಣುತ್ತಿತ್ತು.

ಮಣ್ಣು ಮಾಡಿ ಬಂದ ಮಾರನೇ ದಿನ ಅವರ ಮಗಳು ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಡಬರಿ. "ಇದು ನಿಮ್ದೇನಕ್ಕ? ಅವ್ವ ಯಾರ ಮನಿಂದ ತಂದಿದ್ಲೋ ಏನೋ. ಒಲಿ ಹಚ್ಚಿಲ್ಲ, ಬರೀದೇ ತಂದೀನಿ, ತಪ್ಪು ತಿಳ್ಕಬ್ಯಾಡ್ರಿ."

ತಿರುಗಿಸಿ ನೋಡಿದೆ. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ಮೂಲೆ ಮನೆಗೆ ಬಾಡಿಗೆಗೆ ಬಂದಿದ್ದ ಹುಡುಗಿಯದು. ಖಾಸಗಿ ಶಾಲೆಯೊಂದರಲ್ಲಿ ಟೀಚರಾಗಿದ್ದವಳು. ಹೋದ ತಿಂಗಳು ಗೇಟಿನ ಹತ್ತಿರ ಸಿಕ್ಕಾಗ, "ಕೆಲ್ಸ ಬಿಟ್ಟೆ ಅಕ್ಕ, ಮನೇಲೇ ಟ್ಯೂಷನ್ ಮಾಡೋಣ ಅಂತ" ಎಂದು ನಕ್ಕಿದ್ದಳು. ನಾನು ಒಳ್ಳೇದಾಯ್ತು ಬಿಡು ಎಂದು ಹೇಳಿ ಮುಂದೆ ಹೋಗಿದ್ದೆ. ನಾನೇ, ಆ ಮಾತನ್ನು ಬಾಯಿಪಾಠ ಮಾಡಿದ್ದ ನಾನೇ, ಅದನ್ನು ನಂಬಿದ್ದೆ. ಎದುರುಮನೆಯ ಕಣ್ಣು ನಂಬಿರಲಿಲ್ಲ.

"ನಮ್ದೇ, ಕೊಡು" ಎಂದು ಇಸಿದುಕೊಂಡೆ.

ಆ ದಿನ ನರ್ಸಿಂಗ್ ಹೋಮಿಗೆ ರಜೆ ಹೇಳಿದೆ. ಅಮ್ಮ ಮತ್ತು ನಾನು ಸೇರಿ ದೊಡ್ಡಮ್ಮನ ಮನೆಗೆ ಅನ್ನ, ಸಾರು ಮಾಡಿ ಕಳಿಸಿದೆವು. ಆಮೇಲೆ ಬದನೆಕಾಯಿ ಪಲ್ಯ ಮಾಡಿದೆ. ದೊಡ್ಡಮ್ಮನ ಕೈರುಚಿ ಬರಲಿಲ್ಲ, ಉಪ್ಪು ಒಂದಿಷ್ಟು ಹೆಚ್ಚೇ ಆಯಿತು. ಡಬರಿಗೆ ತುಂಬಿ ಮೂಲೆ ಮನೆಯ ಗೇಟು ಬಡಿದೆ.

ಹುಡುಗಿ ಬಂದು ಡಬರಿ ನೋಡಿದಳು, ನನ್ನ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಏಳುವುದು ನನಗೆ ಚೆನ್ನಾಗಿ ಗೊತ್ತಾಯಿತು. ಅದು ಮಾತಾಗುವ ಮೊದಲೇ ನಾನು ಕೇಳಿದೆ.

"ಇದಕ್ಕಿಂತ ಒಂಚೂರು ದೊಡ್ಡದು ಐತೇನವ್ವ?"