ಮಹೇಶ್ವರಿ ಬೆಳಕು ಒಡೆದು ತೋರಿಸಿದ್ದು

ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಲ್ಯಾಬಿನಲ್ಲಿ ಮಹೇಶ್ವರಿ ಒಂಬತ್ತು ವರ್ಷದಿಂದ ಮೆಣಸಿನಕಾಯಿಯ ತೇವ ಅಳೆಯುತ್ತಿದ್ದಳು. ಬಿ.ಎಸ್ಸಿ. ಓದಿದವಳು. ಮನೆಗೆ ಬಂದರೆ ಅವಳಿಗೆ ಇನ್ನೊಂದೇ ಹುಚ್ಚು: ಬೆಳಕನ್ನು ಒಡೆದು ನೋಡುವುದು. ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ಬ್ಲೇಡಿನಿಂದ ಸಣ್ಣ ಸೀಳು ಬಿಟ್ಟು, ಒಳಗೆ ಹಳೆಯ ಸಿ.ಡಿ.ಯ ತುಂಡು ಅಂಟಿಸಿ, ಇಣುಕುವ ಕಿಂಡಿ ಕೊರೆದಿದ್ದಳು. ಬೀದಿದೀಪ, ಜಗಲಿಯ ಎಣ್ಣೆದೀಪ, ಟಿವಿ, ಒಂದೊಂದರ ಬೆಳಕೂ ಅದರಲ್ಲಿ ಬೇರೆ ಬೇರೆ ಬಣ್ಣದ ಪಟ್ಟಿಯಾಗಿ ಕಾಣುತ್ತಿತ್ತು. ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುತ್ತಿದ್ದಳು.

ಹೋದ ವರ್ಷ ಹಾವೇರಿಯಲ್ಲಿ ಇಂಟರ್‌ವ್ಯೂ ಕೊಟ್ಟಾಗ ಹವ್ಯಾಸ ಏನೆಂದು ಕೇಳಿದ್ದರು. ನಗುತ್ತಾರೇನೋ ಎಂದು ಹೆದರಿ "ಅಡುಗೆ, ರಂಗೋಲಿ" ಅಂದುಬಿಟ್ಟಳು. ರಂಗೋಲಿಯ ಎಳೆ ಅವಳಿಗೆ ಒಮ್ಮೆಯೂ ನೆಟ್ಟಗೆ ಬಂದದ್ದಿಲ್ಲ. ಕೆಲಸ ಸಿಗಲಿಲ್ಲ. ಅದಕ್ಕಿಂತ, ಸುಳ್ಳು ಹೇಳಿದ್ದೇ ಬಹಳ ದಿನ ಚುಚ್ಚಿತು.

ಈ ಸಲ ರಾಣೆಬೆನ್ನೂರಿನ ಹತ್ತಿರ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಹೊಸ ಕಾರ್ಖಾನೆಯವರು ಲ್ಯಾಬಿಗೆ ಜನ ಬೇಕೆಂದು ಕರೆದಿದ್ದರು. ತಯಾರಿಗೆ ಅತ್ತೆ ಉಚ್ಚಂಗೆವ್ವನೇ ಪ್ರಶ್ನೆ ಕೇಳುವ ಸಾಹೇಬರಾದಳು. ಮೂವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು, ಮೂಗಿನ ಮೇಲೆ ಚಾಳೀಸು ಏರಿಸಿ ಕುರ್ಚಿಯ ಮೇಲೆ ಕೂತಳು.

"ಮನ್ಯಾಗ ಏನ್ ಮಾಡ್ತೀಯವಾ?"

"ಅಡಿಗಿ..." ಎಂದು ಮಹೇಶ್ವರಿ ಶುರುಮಾಡಿದಳು.

"ಬೆಳಕ ನೋಡ್ತೇನಿ ಅನ್ನು. ಅದರಾಗ ನಾಚಗಿ ಯಾಕ? ಕಳವು ಮಾಡೀಯೇನು? ನನಗ ತಿಳಿಯೂಹಂಗ ಹೇಳು, ಅವರಿಗೂ ತಿಳೀತೈತಿ."

ಎಂಟು ದಿನ, ದಿನಾ ಸಂಜೆ ಇದೇ ನಡೆಯಿತು. ಎಂಟನೆಯ ದಿನ ಉಚ್ಚಂಗೆವ್ವ ತಾನಾಗಿಯೇ, "ಹಂಗಾರ ಕೆಂಪು ಕಾಯಿ ನೀಲಿ ಬೆಳಕ ನುಂಗತೈತಿ ಅನ್ನು!" ಎಂದಳು. ಮಹೇಶ್ವರಿಗೆ ಧೈರ್ಯ ಬಂತು.

ಇಂಟರ್‌ವ್ಯೂದಲ್ಲಿ ಲ್ಯಾಬಿನ ಮುಖ್ಯಸ್ಥ ವಿರೂಪಾಕ್ಷಪ್ಪನವರು ಅರ್ಜಿಯಲ್ಲಿ ಅವಳು ಬರೆದಿದ್ದ ಹವ್ಯಾಸ ಓದಿ ಹುಬ್ಬೇರಿಸಿದರು. "ಏನ್ರೀ ಇದು, ಬೆಳಕು ಒಡಿಯೂದು?"

ಅವಳು ಚೀಲದಿಂದ ಪೆಟ್ಟಿಗೆ ತೆಗೆದುಕೊಟ್ಟಳು. "ಕಿಟಕಿ ಕಡೆ ಹಿಡದು ನೋಡ್ರಿ ಸರ್. ಈಗ ಮೆಣಸಿನಕಾಯಿ ಬಣ್ಣ ಇಳಿಸಿದ ಎಣ್ಣಿ ಬಾಟಲಿ ಅಡ್ಡ ಇಡ್ತೇನಿ."

ನೀಲಿಯ ಪಟ್ಟಿ ಕಪ್ಪಾಯಿತು. ಪಕ್ಕದಲ್ಲಿದ್ದ ಅಧಿಕಾರಿಯೂ ಎದ್ದು ಬಂದು ಇಣುಕಿದರು.

"ಹಂಗಾರ ನಮಗ ಬಣ್ಣ ಅಳಿಯೂ ದೊಡ್ಡ ಮಷಿನ್ ಯಾಕ ಬೇಕು?" ವಿರೂಪಾಕ್ಷಪ್ಪ ನಕ್ಕರು.

"ಬೇಕ್ರಿ. ಯಾವ ಬಣ್ಣ ಹೋತು ಅಂತ ಇದು ತೋರಸ್ತೈತಿ, ಎಷ್ಟು ಹೋತು ಅಂತ ಹೇಳೂದಿಲ್ಲ. ಇದನ್ನ ನಂಬಿ ಯಾರೂ ಮಾಲಿಗೆ ದರ ಕಟ್ಟಬಾರದು."

ಅವರ ನಗು ನಿಂತಿತು. "ಆ ಮಷಿನ್ ನಡಸೀರೇನು?"

"ಇಲ್ಲರಿ, ಮುಟ್ಟೇ ಇಲ್ಲ. ಕಲಿಸಿದ್ರ ಕಲೀತೇನಿ."

ಇಂಟರ್‌ವ್ಯೂ ಆದ ಹನ್ನೊಂದನೆಯ ದಿನ ಫೋನು ಬಂತು. ವಿರೂಪಾಕ್ಷಪ್ಪನವರೇ. "ಸೋಮವಾರ ಬರ್ರಿ. ಮೊದಲನೇ ತಿಂಗಳು ನಾನ ಕಲಿಸ್ತೇನಿ."

ಆರು ವಾರದಲ್ಲಿ ಅವಳು ಆ ಮಷಿನ್ನು ಒಬ್ಬಳೇ ನಡೆಸತೊಡಗಿದಳು. ಅದನ್ನು ಬಳಸುವ ಬಗೆಯನ್ನು ಕನ್ನಡದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ. ಲ್ಯಾಬಿಗೆ ಹೊಸದಾಗಿ ಬಂದವರು ಮೊದಲು ಅದನ್ನು ಓದಿಯೇ ಮಷಿನ್ನಿಗೆ ಕೈ ಹಚ್ಚುತ್ತಾರೆ.