ಮಾಮನ ಪಾಸ್‌ಪೋರ್ಟ್

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಕತಾರಿನಲ್ಲಿತ್ತು, ಅಲ್ ರಯ್ಯಾನ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ. ನಾಲ್ಕನೇ ಕ್ಲಾಸಿನಲ್ಲಿ ನಮಗೆಲ್ಲ ಒಬ್ಬೊಬ್ಬ ಮಹನೀಯರ ವೇಷ ಹಾಕಿ ಭಾಷಣ ಮಾಡಲು ಹೇಳಿದ್ದರು. ಅಕ್ಕ ನನಗೆ ಹಿಂದಿನ ಕಾಲದ ಅಮೆರಿಕದ ಒಬ್ಬ ಹೆಂಗಸನ್ನು ಆರಿಸಿಕೊಟ್ಟಳು. ಗುಲಾಮಳಾಗಿ ಹುಟ್ಟಿ, ಯಜಮಾನನಿಂದ ತಪ್ಪಿಸಿಕೊಂಡು ಓಡಿಹೋದವಳು. ಅಷ್ಟಕ್ಕೇ ಸುಮ್ಮನಾಗದೆ ಮತ್ತೆ ಮತ್ತೆ ಕದ್ದು ಹಿಂತಿರುಗಿ ಹತ್ತಾರು ಜನರನ್ನು ಬಿಡಿಸಿ ತಂದವಳು. "ಇದೆಲ್ಲ ಎಂದೋ ಮುಗಿದ ಕಥೆ, ಈಗ ಲೋಕದಲ್ಲಿ ಗುಲಾಮರಿಲ್ಲ" ಎಂದು ಅಕ್ಕ ಬರೆದ ಭಾಷಣ ಮುಗಿಯುತ್ತಿತ್ತು.

ಆ ಹೆಂಗಸಿನ ಚಿತ್ರ ಪ್ರಿಂಟ್ ಮಾಡಲು, ಅಲ್ಲಿನ ವಾರದ ರಜೆಯಾದ ಒಂದು ಶುಕ್ರವಾರ ಬೆಳಿಗ್ಗೆ ಅಪ್ಪ ನನ್ನನ್ನು ಮುಶೈರಿಬ್ ಬಡಾವಣೆಯ ತಮ್ಮ ಆಫೀಸಿಗೆ ಕರೆದೊಯ್ದರು. ಅವರು ಕಟ್ಟಡ ಕಟ್ಟುವ ಕಂಪನಿಯಲ್ಲಿ ಗುಮಾಸ್ತರು. ರಜೆಯ ಆಫೀಸು ತಣ್ಣಗಿತ್ತು; ಹಳೆಯ ಕಾರ್ಪೆಟ್ಟಿನ, ಬಿಸಿ ಕಾಗದದ ವಾಸನೆ. ಅಂಟು ಹುಡುಕುತ್ತ ಕಬ್ಬಿಣದ ಕಪಾಟು ತೆರೆದೆ. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಪಾಸ್‌ಪೋರ್ಟ್‌ಗಳ ಕಟ್ಟುಗಳು, ಮೇಲಿನಿಂದ ಕೆಳಗಿನವರೆಗೆ! ಒಂದು ಕೈಜಾರಿ ಬಿದ್ದು ತೆರೆದುಕೊಂಡಿತು. ಎತ್ತಿಕೊಂಡು ನೋಡಿದರೆ ಅದು ಮಾಮನದು. ಮಾಮ ಎಂದರೆ ಆ ಕಂಪನಿಯ ಬಡಗಿ, ಕಾರ್ಕಳದ ಕಡೆಯವರು; ನನ್ನ ಓದುವ ಮೇಜು ಮಾಡಿಕೊಟ್ಟವರು.

"ಇದೆಲ್ಲ ಇಲ್ಲಿ ಯಾಕಪ್ಪ?"

"ಕಂಪನಿ ರೂಲ್ಸ್ ಮಗಾ. ಇಲ್ಲದಿದ್ರೆ ಕೆಲಸದವ್ರು ಓಡಿ ಹೋಗ್ತಾರೆ."

ಓಡಿ ಹೋಗುತ್ತಾರೆ! ವಾರವಿಡೀ ನಾನು ಬಾಯಿಪಾಠ ಮಾಡಿದ್ದ ಮಾತು.

ಅಷ್ಟರಲ್ಲಿ ಮಾಮನೇ ಇಸ್ತ್ರಿ ಹಾಕಿದ ಶರ್ಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ಅಮ್ಮನಿಗೆ ಸೀಕು ಜೋರುಂಟಂತೆ ಅಣ್ಣ. ಇವತ್ತಾದ್ರೂ ಪಾಸ್‌ಪೋರ್ಟ್ ಸಿಗ್ಬಹುದಾ?"

ಅಪ್ಪ ಅವರ ಮುಖ ನೋಡಲಿಲ್ಲ. "ಮ್ಯಾನೇಜರ್ ಸೈನ್ ಆಗ್ಲಿಲ್ಲ ಮಾರಾಯ. ನನ್ನ ಕೈಯಲ್ಲಿ ಎಂತ ಉಂಟು?"

"ಇಲ್ಲೇ ಉಂಟಲ್ಲ ಅಪ್ಪ! ಕೊಡಿ!" ಎಂದು ನಾನು ಚೀರಿದೆ.

ಅಪ್ಪ ಅದನ್ನು ನನ್ನ ಬೆರಳುಗಳಿಂದ ಬಿಡಿಸಿ ಒಳಗಿಟ್ಟು ಬೀಗ ತಿರುಗಿಸಿದರು. ಅಮ್ಮ ಬೆಳಗಿನ ಡ್ಯೂಟಿಗೆ ಹೋದ ದಿನ ನನ್ನ ಜಡೆ ಹೆಣೆಯುತ್ತಿದ್ದ ಕೈಗಳವು. ಮಾಮ ಮೆಟ್ಟಿಲಿಳಿದು ಹೋದರು.

ರಜೆ ಮುಗಿದ ದಿನವೇ ಅಪ್ಪ ಮ್ಯಾನೇಜರನ್ನು ಕೇಳಿ ಬೈಸಿಕೊಂಡರಂತೆ. ಮತ್ತೆ ಕೇಳಿದರಂತೆ. ಕೊನೆಗೂ ಸಹಿಯಾಯಿತು. ಆದರೆ ಮಾಮ ಊರು ತಲುಪುವಷ್ಟರಲ್ಲಿ ತಾಯಿಯ ಉತ್ತರಕ್ರಿಯೆಯೂ ಮುಗಿದಿತ್ತು.

ಭಾಷಣದ ದಿನ ಕೊನೆಯ ಸಾಲು ನನ್ನ ಬಾಯಿಂದ ಹೊರಡಲಿಲ್ಲ. ಮರೆತೆನೆಂದುಕೊಂಡು ಟೀಚರ್ ಪಿಸುಗುಟ್ಟಿ ಹೇಳಿಕೊಟ್ಟರು. ನಾನು ತಲೆಯಲ್ಲಾಡಿಸಿ ವೇದಿಕೆಯಿಂದ ಇಳಿದೆ.

ಮಕ್ಕಳೇ, ನೀವೀಗ ಆ ಅಮೆರಿಕದ ಹೆಂಗಸಿನಂಥವರ ಕಥೆಗಳನ್ನು ಗೋಡೆಯಗಲದ ಪರದೆಯಲ್ಲಿ ನೋಡುತ್ತೀರಿ. ಬೇಕಾದದ್ದು ಮನೆಬಾಗಿಲಿಗೇ ಬರುತ್ತದೆ. ನೀವು ಬಾಗಿಲು ತೆಗೆಯುವಷ್ಟರಲ್ಲಿ ತಂದವರು ಹೋಗಿರುತ್ತಾರೆ. ಅವರಿಗೆ ಊರಿಗೆ ಹೋಗಬೇಕೆನಿಸಿದಾಗ ಯಾರಾದರೂ ಬಿಡುತ್ತಾರೆಯೇ? ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.