ನುಂಗದ ಗುಟುಕು

ಬೈಲಹೊಂಗಲದ ನಮ್ಮ ಓಣಿಯಲ್ಲಿ ಮೀಸೆಯಿಲ್ಲದ ಗಂಡಸು ಅವರೊಬ್ಬರೇ. ದಿನ ಬಿಟ್ಟು ದಿನ ಬೆಳಿಗ್ಗೆ ತಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಹಿತ್ತಾಳೆ ಬಟ್ಟಲಲ್ಲಿ ನೀರಿಟ್ಟುಕೊಂಡು, ಕನ್ನಡಿಯ ಹಂಗಿಲ್ಲದೆ ಮೇಲ್ದುಟಿಯನ್ನು ನುಣ್ಣಗೆ ಬೋಳಿಸಿಕೊಳ್ಳುತ್ತಿದ್ದರು. ಕಪ್ಪು ಮುಖದಲ್ಲಿ ಅದೊಂದು ಪಟ್ಟಿ ಮಾತ್ರ ಗೋದಿ ಬಣ್ಣಕ್ಕೆ ತಿರುಗಿತ್ತು. ಊರಿಗೆ ಹೊಸಬರು ನಿಂತು ಮೆಲ್ಲಗೆ ಕೇಳುತ್ತಿದ್ದರು:

"ಯಾರ ತೀರಿಕೊಂಡ್ರಿ, ಯಜಮಾನ್ರ?"

"ಯಾರೂ ತೀರಿಕೊಂಡಿಲ್ಲಪಾ. ಮೀಸ್ಯಾಗ ನಿನ್ನಿ ಉಂಡ ಸಾರಿನ ವಾಸನಿ ಇವತ್ತೂ ಕುಂತಿರತೈತಿ. ನನ್ನ ಕೆಲಸಕ್ಕ ಅದು ಅಡ್ಡ ಬರತೈತಿ."

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ನಮ್ಮ ಮಾವನವರ ವಾರಿಗೆಯವರು, ಪಕ್ಕದ ಮನೆಯವರು, ನಮ್ಮ ಹಾಗೆಯೇ ಲಿಂಗವಂತರು. ಮೂವತ್ತೆಂಟು ವರ್ಷ ಬೆಳಗಾವಿಯ ಕ್ಯಾಂಪಿನಲ್ಲಿ ಪಾರ್ಸಿಯೊಬ್ಬರ ಅಂಗಡಿಯಲ್ಲಿದ್ದರು. ದಂಡಿನ ಸಾಹೇಬರಿಗೆ ಬ್ರಾಂಡಿ, ಪೋರ್ಟ್, ಶೆರ್ರಿ, ಮಡೇರಾ ಮಾರುವ ಅಂಗಡಿ ಅದು. ಪೀಪಾಯಿ ಉರುಳಿಸುವ ಕೂಲಿಗೆಂದು ಸೇರಿದವರು, ಕೊನೆಗೆ ಪೀಪಾಯಿಯೊಳಗಿನದರ ಯೋಗ್ಯತೆ ಹೇಳುವವರಾದರು. ಯಾವುದು ಎಷ್ಟು ವರ್ಷದ್ದು, ಯಾವುದು ಹಡಗಿನಲ್ಲಿ ಬಿಸಿಲು ತಿಂದಿದೆ, ಯಾವುದಕ್ಕೆ ಯಾರು ಏನು ಬೆರೆಸಿದ್ದಾರೆ ಎಂಬುದನ್ನು ಮೂಸಿ, ಬಾಯಲ್ಲಿ ಇಟ್ಟುಕೊಂಡು, ಉಗುಳಿ ಹೇಳುತ್ತಿದ್ದರು. ಒಂದು ಹನಿಯನ್ನೂ ನುಂಗುತ್ತಿರಲಿಲ್ಲ.

ಆದರೆ ಅದನ್ನು ನಂಬಿದವರು ಯಾರು? ಕಟಕೋಳದ ಹತ್ತಿರದ ಹಳ್ಳಿಯಲ್ಲಿದ್ದ ಅವರ ತಮ್ಮ ಅವರಿಗೆ ತನ್ನ ಮನೆಯ ಬಾಗಿಲು ಮುಚ್ಚಿದ್ದ. ಕಾಕಾನ ಹೆಂಡತಿ ಎಂದೋ ತೀರಿಹೋಗಿದ್ದರು. ನಮ್ಮ ಅತ್ತೆ ಅವರ ಕೈಯ ನೀರನ್ನೂ ಮುಟ್ಟುತ್ತಿರಲಿಲ್ಲ. "ಆ ಸೀಸೇದಂವ" ಎಂದೇ ಅತ್ತೆಯ ಬಾಯಲ್ಲಿ ಕಾಕಾನ ಹೆಸರು.

ಮೊದಲ ಹೆರಿಗೆಯಾದಾಗ ನಾನು ಹದಿನೆಂಟರವಳು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಅತ್ತೆಯ ಮನೆಯಲ್ಲೇ ಬಾಣಂತನ. ರಕ್ತ ಬಹಳ ಹೋಗಿತ್ತು. ಹೆಣ್ಣು ಕೂಸು ಪಕ್ಕದಲ್ಲಿ ಅಳುತ್ತಿದ್ದರೂ ತಿರುಗಿ ನೋಡುವ ಮನಸ್ಸಾಗುತ್ತಿರಲಿಲ್ಲ. ಅನ್ನ ಬೇಡ, ಮಾತು ಬೇಡ, ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಸಾಕು ಎನ್ನುವ ಹಾಗಿತ್ತು. ದವಾಖಾನೆಯ ಡಾಕ್ಟರು ಬಂದು, ದಿನಕ್ಕೆ ಎರಡು ಚಮಚ ಪೋರ್ಟ್ ವೈನ್ ಕೊಡಿರಿ ಎಂದರು. ಆಗಿನ ಕಾಲಕ್ಕೆ ಅದೇ ಔಷಧ.

"ಲಿಂಗ ಕಟ್ಟಿದ ಮನ್ಯಾಗ ಶೆರೆ?" ಎಂದು ಅತ್ತೆ ಎದೆ ಬಡಿದುಕೊಂಡರು. ಆದರೂ ನನ್ನ ಮುಖ ನೋಡಿ ಅವರೇ ಮಗನನ್ನು ಪೇಟೆಗೆ ಕಳಿಸಿದರು. ನನ್ನ ಯಜಮಾನರು ಯಾವುದೋ ಅಂಗಡಿಯಿಂದ ಇಂಗ್ಲಿಷ್ ಚೀಟಿ ಅಂಟಿಸಿದ ಒಂದು ಸೀಸೆ ತಂದರು. ಅತ್ತೆ ಕಣ್ಣು ಮುಚ್ಚಿಕೊಂಡು ನನ್ನ ಬಾಯಿಗೆ ಹಾಕಿದರು. ಮೂರನೆಯ ದಿನಕ್ಕೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿ ನಾನು ಕುಡಿದ ಗಂಜಿಯನ್ನೂ ಕಾರಿಕೊಂಡೆ.

ಆಗ ಅತ್ತೆ ತಾವಾಗಿಯೇ ಪಕ್ಕದ ಮನೆಯ ಬಾಗಿಲಿಗೆ ಹೋದರು. ಅವರು ಆ ಹೊಸ್ತಿಲಿಗೆ ಹೋದದ್ದು ಅದೇ ಮೊದಲು.

ಕಾಕಾ ಬಂದು ಪಡಸಾಲೆಯಲ್ಲಿ ಕುಳಿತರು. ನಾನು ಒಳಕೋಣೆಯಲ್ಲಿ ಪರದೆಯ ಹಿಂದಿದ್ದೆ; ಹೊರಗೆ ನಡೆದದ್ದನ್ನು ಆಮೇಲೆ ಅತ್ತೆ ಹೇಳಿದರು. ಆ ಸೀಸೆಯಿಂದ ನಾಲ್ಕು ಹನಿಯನ್ನು ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಅಂಗಳದ ಮೂಲೆಗೆ ಹೋಗಿ ಉಗುಳಿ ಬಂದು, ಅತ್ತೆಯನ್ನು ಅತ್ತಿಗೆಯೆಂದೇ ಕರೆದು ಹೇಳಿದರು:

"ವೈನಿ, ಇದು ದ್ರಾಕ್ಷಿ ಮಾರಿ ನೋಡಿದ್ದ ಅಲ್ರಿ. ಸುಟ್ಟ ಬೆಲ್ಲ, ಹಸೀ ಸಾರಾಯಿ, ಮ್ಯಾಲೆ ಬಣ್ಣ. ಇದನ್ನ ಇನ್ನೊಂದ ಚಮಚಾ ಕೊಡಬ್ಯಾಡ್ರಿ."

"ಹಂಗಾದ್ರ ಖರೇದ್ದ ಎಲ್ಲಿ ಸಿಗತೈತಿ?" ಎಂದರು ಅತ್ತೆ.

ಕಾಕಾ ಎದ್ದು ತಮ್ಮ ಮನೆಗೆ ಹೋದರು. ತಿರುಗಿ ಬಂದಾಗ ಅವರ ಕೈಯಲ್ಲಿ ಧೂಳು ಮೆತ್ತಿದ ಒಂದು ಕರಿ ಸೀಸೆ ಇತ್ತು. ಅಂಗಡಿ ಬಿಟ್ಟು ಬರುವಾಗ ಹಳೆಯ ಪಾರ್ಸಿ ಮಾಲೀಕರು ಕೈಯಾರೆ ಕೊಟ್ಟದ್ದಂತೆ. ತಂಪಾದ ಒಳಕೋಣೆಯಲ್ಲಿ ಜೋಳದ ಹೊಟ್ಟಿನಲ್ಲಿ ಅಡ್ಡ ಮಲಗಿಸಿ ಇಟ್ಟಿದ್ದರು. ಯಾಕೆ ಇಟ್ಟುಕೊಂಡಿದ್ದರೋ, ಕುಡಿಯದವರು! ಒಮ್ಮೆ ನಾನು ಕೇಳಿದ್ದಕ್ಕೆ, "ಅದು ಇನ್ನೂ ಏನ ಆಗತೈತಿ ಅಂತ ನೋಡೂದಿತ್ತವ್ವಾ" ಎಂದಿದ್ದರು.

ಬೂಚು ಪುಡಿಪುಡಿಯಾಗಿ ಬಂತು. ತಳದಲ್ಲಿ ಗಸಿ ಇದ್ದುದರಿಂದ ತೆಳ್ಳನೆ ಅರಿವೆಯಲ್ಲಿ ಸೋಸಿದರು. ಗಾಳಿ ತಗಲಿದರೆ ಬೇಗ ಕೆಡುತ್ತದೆಂದು ದವಾಖಾನೆಯ ಸಣ್ಣ ಸೀಸೆಗಳನ್ನು ತರಿಸಿ, ಕಂಠದವರೆಗೆ ತುಂಬಿ, ಮೇಣ ಹಚ್ಚಿ ಮುಚ್ಚಿದರು. ಆಮೇಲೆ ಪರದೆಯ ಆಚೆಯಿಂದ ನನ್ನನ್ನು ಕರೆದರು.

"ತಂಗೀ, ಇದು ನಿನಗಿಂತ ಹತ್ತ ವರ್ಷ ಹಿರೇದು. ಮರ್ಯಾದಿ ಕೊಟ್ಟ ಕುಡೀಬೇಕು. ಮೊದಲ ಮೂಸು. ಏನ ವಾಸನಿ ಬಂತು ಹೇಳು."

ನನಗೆ ಮಾತಾಡುವ ತ್ರಾಣವಿರಲಿಲ್ಲ. "ಬೆಲ್ಲ" ಎಂದೆ.

"ಬೆಲ್ಲ ಅಂತ ಎಲ್ಲಾರೂ ಅಂತಾರ. ಯಾವ ಬೆಲ್ಲ?"

ಅಷ್ಟು ಹೇಳಿ ಎದ್ದು ಹೋಗಿಬಿಟ್ಟರು. ಯಾವ ಬೆಲ್ಲ? ಆ ದಿನವೆಲ್ಲ ಗೋಡೆ ನೋಡುತ್ತ ಅದನ್ನೇ ಯೋಚಿಸಿದೆ. ಮರುದಿನ ಅವರು ಬಂದೊಡನೆ ನಾನೇ ಹೇಳಿದೆ: "ಮಳಿಗಾಲದಾಗ ನೀರ ಒಡದ ಹಳೇ ಬೆಲ್ಲರೀ, ಕಾಕಾ."

ಹೊರಗೆ ಕಾಗದ ಬಿಚ್ಚಿದ ಸದ್ದಾಯಿತು. "ಮತ್ತ?"

ಹೀಗೆ ಶುರುವಾಯಿತು. ಬಾಣಂತಿ ಕೋಣೆಯ ಬೆಂಕಿ, ಲೋಬಾನದ ಹೊಗೆ ಮೂಗನ್ನು ಕೆಡಿಸುತ್ತವೆಂದು ಅವರು ಬರುವ ಹೊತ್ತಿಗೆ ಅಗ್ಗಿಷ್ಟಿಗೆಯನ್ನು ಹೊರಗಿಡಿಸುತ್ತಿದ್ದರು. "ಬಾಣಂತಿಗೆ ಥಂಡಿ ಹತ್ತತೈತಿ" ಎಂದು ಅತ್ತೆ ಗೊಣಗುತ್ತಲೇ ಎತ್ತಿಡುತ್ತಿದ್ದರು. ನಾನು ಚಮಚವನ್ನು ಮೂಗಿನ ಹತ್ತಿರ ಹಿಡಿದು ಹುಡುಕುತ್ತಿದ್ದೆ. ಹೂರಣ ತಿರುವುವಾಗ ಇನ್ನೇನು ತಳ ಹಿಡಿಯುತ್ತದೆ ಎನ್ನುವ ಹೊತ್ತಿನ ವಾಸನೆ ಒಂದು ದಿನ ಸಿಕ್ಕಿತು. ಇನ್ನೊಂದು ದಿನ, ನೆಲದೊಳಗೆ ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆದಾಗ ಮುಖಕ್ಕೆ ಬಡಿಯುವ ಬೆಚ್ಚನೆಯ ಉಸಿರು. ಪರದೆಯಾಚೆ ಪೆನ್ಸಿಲ್ ಕಾಗದದ ಮೇಲೆ ಓಡುವ ಸದ್ದು ಕೇಳುತ್ತಿತ್ತು.

"ಸಾಹೇಬ್ರು ಇದಕ್ಕ ಅಕ್ರೋಡ ಅಂತಾರ, ಅಂಜೂರ ಅಂತಾರ. ನಾನೂ ಹಂಗ ಅಂದೆ," ಎಂದು ಒಮ್ಮೆ ನಕ್ಕರು. "ಅಕ್ರೋಡ ಅನ್ನೂದನ್ನ ಕಣ್ಣಲೆ ನೋಡಿದ್ದು ಆ ಮಾತ ಕಲತ ಹತ್ತ ವರ್ಷದ ಮ್ಯಾಲೆ."

ಒಂದು ಬೆಳಿಗ್ಗೆ ನಾನು, "ಇವತ್ತ ಇದು ದಣದಾಂಗ ಐತ್ರಿ. ನಿನ್ನಿ ಹಿಂಗ ಇರಲಿಲ್ಲ" ಎಂದೆ. ಅದು ಮೂರು ದಿನದ ಹಿಂದೆ ತೆರೆದ ಸಣ್ಣ ಸೀಸೆಯ ಕೊನೆಯ ಚಮಚವಾಗಿತ್ತು. ಕಾಕಾ ಎದ್ದೇ ನಿಂತರಂತೆ. "ವೈನಿ, ಕೇಳಿದ್ರಿ? ಇದು ತಿಳಿಯಾಕ ನನಗ ಐದ ವರ್ಷ ಹಿಡೀತು!"

ನಾನು ಎದ್ದು ಕುಳಿತಿದ್ದೆ. ಯಾವಾಗ ಎದ್ದು ಕುಳಿತೆನೋ ತಿಳಿಯದು. ಕೂಸು ತೊಡೆಯ ಮೇಲಿತ್ತು, ಅದರ ನೆತ್ತಿಯನ್ನೂ ಮೂಸಿ ನೋಡಿದ್ದೆ. ನನ್ನನ್ನು ಉಳಿಸಿದ್ದು ಆ ಪೋರ್ಟೋ, ಬಾಣಂತಿಯರಿಗೆಂದು ಅತ್ತೆ ಮಾಡಿದ ಅಳ್ವಿ ಬೀಜದ ಪಾಯಸವೋ ನಾನು ಹೇಳಲಾರೆ. ನಾಳೆ ಏನು ಸಿಗಬಹುದು ಎಂಬ ಕುತೂಹಲ ಮಾತ್ರ ನನ್ನನ್ನು ಗೋಡೆಯಿಂದ ಈಚೆಗೆ ತಿರುಗಿಸಿತು, ಅಷ್ಟು ನಿಜ.

ಅತ್ತೆ ಸುಲಭಕ್ಕೆ ಸೋಲುವವರಲ್ಲ. ಕೂಸಿನ ತೊಟ್ಟಿಲ ದಿನ ಕಾಕಾ ಊಟಕ್ಕೆ ಬಂದಾಗ ಭರಣಿಯಿಂದ ಕಪ್ಪಗೆ ಹೊಳೆಯುವ ಲಿಂಬೆಕಾಯಿ ಉಪ್ಪಿನಕಾಯಿಯ ಒಂದು ಹೋಳು ತೆಗೆದು ಅವರ ಎಲೆಗೆ ಹಾಕಿ, "ಬಾಳ ಶಾಣ್ಯಾರಲ್ಲ, ಇದು ಎಷ್ಟ ವರ್ಷದ್ದು ಹೇಳ್ರಿ ನೋಡೂಣು" ಎಂದರು.

ಕಾಕಾ ಹೋಳನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಪಂಕ್ತಿಯಲ್ಲಿದ್ದವರೆಲ್ಲ ಉಣ್ಣುವುದನ್ನು ಬಿಟ್ಟು ನೋಡತೊಡಗಿದರು.

"ಹನ್ನೊಂದ. ಹೆಚ್ಚಂದ್ರ ಹನ್ನೆರಡ. ನಡುವ ಒಂದ ಸಲ ಹಸೀ ಸೌಟ ಬಿದ್ದಿತ್ರಿ. ನೀವು ಮತ್ತ ಉಪ್ಪ ಹಾಕಿ ಬಿಸಿಲಿಗೆ ಇಟ್ರಿ."

ಅತ್ತೆಯ ಕೈಯಲ್ಲಿನ ಭರಣಿ ಕೈಯಲ್ಲೇ ಉಳಿಯಿತು. "ಹನ್ನೆರಡ ಆತ್ರಿ. ಆ ಹಸೀ ಸೌಟ ನನ್ನ ನಾದಿನೀದು" ಎಂದರು. ಆ ದಿನ ಕಾಕಾ ಉಪ್ಪಿನಕಾಯಿಯನ್ನು ನುಂಗಿದರು, ಇನ್ನೊಂದು ಹೋಳು ಕೇಳಿ ಹಾಕಿಸಿಕೊಂಡರು. "ಇದು ಮಡೇರಾ ಇದ್ದಾಂಗ ಐತ್ರಿ ವೈನಿ. ಬಿಸಿಲ ಉಂಡ ಬೆಳದದ್ದು, ಅದಕ್ಕ ಸಾವ ಇಲ್ಲ." ಮಡೇರಾ ಎಂದರೆ ಏನೆಂದು ಅತ್ತೆ ಕೇಳಲಿಲ್ಲ, ಆದರೆ ಹೊಗಳಿಕೆ ಎಂದು ಅವರಿಗೆ ತಿಳಿಯಿತು. ಅಂದಿನಿಂದ ನಮ್ಮ ಮನೆಯ ಹಳೆಯ ತುಪ್ಪ, ಹುಣಸೆಹಣ್ಣು, ಜೇನು ಎಲ್ಲವೂ ಕಾಕಾನ ಮುಂದೆ ಹೋಗಿ ಬರತೊಡಗಿದವು. ಡಾಕ್ಟರು ಕೂಡ ರೋಗಿಗಳ ಪೋರ್ಟ್ ಸೀಸೆಯನ್ನು ಮೊದಲು ಅವರ ಕಟ್ಟೆಗೆ ಕಳಿಸುತ್ತಿದ್ದರು.

ಇನ್‌ಫ್ಲುಯೆಂಜಾ ಬಂದ ವರ್ಷ ಓಣಿಯಲ್ಲಿ ಎಷ್ಟೋ ಮನೆಗಳಿಗೆ ಬೀಗ ಬಿತ್ತು. ಕಾಕಾ ಮೂರು ವಾರ ಮಲಗಿ ಎದ್ದರು. ಎದ್ದಮೇಲೆ ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ಹಾಲು ಸೀದ ವಾಸನೆ ನಮ್ಮ ಅಡುಗೆಮನೆಯವರೆಗೆ ಬಂತು. ಓಡಿ ಹೋಗಿ ನೋಡಿದರೆ ಅವರ ಮನೆ ತುಂಬ ಹೊಗೆ. ಅವರು ಪಡಸಾಲೆಯಲ್ಲಿ ಒಲೆಗೆ ಬೆನ್ನು ಮಾಡಿ ಸುಮ್ಮನೆ ಕುಳಿತಿದ್ದರು.

"ಕಾಕಾರ! ಹಾಲ ಹೊತ್ತಿ ಕರಕಾಗೇತ್ರಿ!"

ಅವರು ತಿರುಗಿ ಹೊಗೆಯನ್ನು ನೋಡಿದರು, ಆಮೇಲೆ ನನ್ನನ್ನು. "ಯಾರಿಗೂ ಹೇಳಬ್ಯಾಡವ್ವಾ" ಎಂದರು. "ಜ್ವರದ ಕೂಡ ಮೂಗ ಹೋತು. ಉಪ್ಪ, ಖಾರ, ಸಿಹಿ ತಿಳೀತೈತಿ. ಉಳಿದದ್ದೆಲ್ಲಾ ಬರೇ ನೀರು."

ನಾನು ಪಾತ್ರೆಯನ್ನು ಇಳಿಸಿ ಅಲ್ಲೇ ಕುಳಿತು ಅತ್ತುಬಿಟ್ಟೆ. ಅವರು ಅಳಲಿಲ್ಲ.

ಅದೇ ಚಳಿಗಾಲದಲ್ಲಿ ಬೆಳಗಾವಿಯಿಂದ ಮೂರು ಸಣ್ಣ ಸೀಸೆ ಬಂದವು. ಹಳೆಯ ಮಾಲೀಕರ ಮಗ ಈಗ ಅಂಗಡಿ ನೋಡುತ್ತಿದ್ದರು. ಊರು ಬಿಟ್ಟು ಹೋಗುವ ಯಾರೋ ಸಾಹೇಬರು ಮೂರು ಪೀಪಾಯಿ ಹಳೆಯ ಪೋರ್ಟ್ ಮಾರುತ್ತಿದ್ದಾರೆ, ಕಾಕಾ ಹೇಳಿದರೆ ಮಾತ್ರ ಕೊಳ್ಳುವುದು ಎಂದು ಪತ್ರ. ಕಾಕಾ ಆ ಸೀಸೆಗಳನ್ನು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ನಮ್ಮ ಮನೆಗೆ ತಂದು ನನ್ನ ಮುಂದೆ ಇಟ್ಟರು.

"ನಾನ ರೀ?" ಎಂದೆ.

"ಮತ್ಯಾರ? ಮೂಸು. ಬಾಯಾಗ ಇಟಗೊಂಡು ಉಗುಳು. ಲಗು ಮಾಡಬ್ಯಾಡ."

ಒಂದೊಂದಾಗಿ ಮೂಸಿ, ಬಾಯಲ್ಲಿಟ್ಟುಕೊಂಡು ನೋಡಿದೆ. ಮೊದಲನೆಯದು ಒಳ್ಳೆಯದೇ, ಆದರೆ ಎಳೆಯದು, ಮಾವಿನಕಾಯಿಯ ಸೊನೆಯಂಥ ಒಗರು ಇನ್ನೂ ಹೋಗಿರಲಿಲ್ಲ. ಎರಡನೆಯದನ್ನು ಉಗುಳಿ ಬಂದು ಕುಳಿತ ಮೇಲೂ ಬಾಯಲ್ಲಿ ರುಚಿ ನಡೆಯುತ್ತಲೇ ಇತ್ತು: ಒಣ ಖರ್ಜೂರ, ಹಳೆಯ ಸಾಗವಾನಿ ಪೆಟ್ಟಿಗೆ, ಆಮೇಲೆ ಕಾಸಿದ ತುಪ್ಪ. ಮೂರನೆಯದು ಮೂಗಿಗೆ ಎಲ್ಲಕ್ಕಿಂತ ಚೆಂದ, ಬಾಯಲ್ಲಿ ಮಾತ್ರ ಏನೂ ಇಲ್ಲ. "ಯಾರೋ ಹುಡುಗ ಮುದುಕನ ಅಂಗಿ ತೊಟ್ಟಾಂಗ ಐತ್ರಿ" ಎಂದೆ. ಕಾಕಾ ತಲೆಯಾಡಿಸಿ ಎಲ್ಲವನ್ನೂ ಬರೆದುಕೊಂಡರು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: ಮೂಗು ನನ್ನದಲ್ಲ, ಈ ಓಣಿಯ ಸೊಸೆಯದು.

ನಾನು ಗಾಬರಿಯಾಗಿ, "ಅದನ್ನ ತಗೀರಿ ಕಾಕಾ, ಮಂದಿ ಏನ ಅಂತಾರು!" ಎಂದೆ.

ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇರಲಿ ಬಿಡ. ಖರೇನ ಬರದಾರಲ್ಲ" ಎಂದರು.

ಎರಡನೆಯ ಪೀಪಾಯಿಯನ್ನು ಕೊಂಡೆವು, ಮೂರನೆಯದನ್ನು ಬಿಟ್ಟೆವು ಎಂದು ಬೆಳಗಾವಿಯಿಂದ ಉತ್ತರ ಬಂತು. ಆ ಕಾಗದವನ್ನು ಕಾಕಾ ನನಗೆ ಎರಡು ಸಲ ಓದಿ ಹೇಳಿದರು. ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಕಟ್ಟೆಯ ಮೇಲೆ ಕುಳಿತಲ್ಲೇ ಒಂದು ಬೆಳಿಗ್ಗೆ ಪ್ರಾಣ ಹೋಗಿತ್ತು.

ಕಟಕೋಳದ ಕಡೆಯಿಂದ ತಮ್ಮ ಬಂದ. ಮಣ್ಣು ಕೊಡುವ ಮೊದಲಿನ ವಿಧಿಗಳನ್ನು ಮಾಡಬೇಕಾದ ಅಯ್ಯನವರು ಹಿಂದೆಮುಂದೆ ನೋಡುತ್ತಿದ್ದರು. "ಜೀವಮಾನ ಶೆರೆ ಅಂಗಡ್ಯಾಗ ಕಳದಾಂವ..." ಎಂದು ಯಾರೋ ಗುನುಗಿದರು. ಕಾಕಾನ ತಮ್ಮ ತಲೆ ತಗ್ಗಿಸಿದ.

ನಮ್ಮ ಅತ್ತೆ ಸೆರಗು ಬಿಗಿದುಕೊಂಡು ಗಂಡಸರ ನಡುವೆ ಬಂದು ನಿಂತರು.

"ಈ ಮನಶ್ಯಾ ಒಂದ ಹನಿ ನುಂಗಿಲ್ಲ. ನುಂಗಿದಾಕಿ ನನ್ನ ಸೊಸಿ. ಕುಡಿಸಿದಾಕಿ ನಾನು, ಈ ಕೈಯಲೆ. ತಪ್ಪ ಇದ್ರ ನಮ್ಮನ್ನ ಕೇಳ್ರಿ. ಇವರಿಗೆ ಮಾಡೂದ ಮಾಡ್ರಿ."

ಅಯ್ಯನವರು ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿ, ವಿಭೂತಿ ಗಟ್ಟಿಯನ್ನು ಕೈಗೆತ್ತಿಕೊಂಡರು.

ಬೆಳಗಾವಿಯ ಸಣ್ಣ ಸೀಸೆಗಳು ಮುಂದೆಯೂ ಆರು ವರ್ಷ ಬರುತ್ತಿದ್ದವು, ನನ್ನ ಹೆಸರಿಗೆ. ಸಾಹೇಬರ ಮಾತು ನನಗೆ ಬಾರದು. ತಿಳಿದದ್ದನ್ನು ತಿಳಿದ ಮಾತಿನಲ್ಲಿ ಬರೆದು ಕಳಿಸುತ್ತಿದ್ದೆ; ನಾನು ಒಪ್ಪಿದ್ದನ್ನೇ ಅಂಗಡಿಯವರು ಕೊಳ್ಳುತ್ತಿದ್ದರು. ಹಗೇವು ಎಂದರೇನು, ಹೂರಣ ಎಂದರೇನು ಎಂದು ಆ ಪಾರ್ಸಿ ಮಾಲೀಕರು ಒಂದು ಸಲವೂ ಕೇಳಿ ಬರೆಯಲಿಲ್ಲ.